ಮೂಲೆಯಲ್ಲಿ ಉಳಿದ ಕೆಂಪು

ಪೀಣ್ಯದ ಅಲ್ಯೂಮಿನಿಯಂ ಎರಕದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ತಲೆಗೆ ಪೇಟ ಇಟ್ಟು, ಕೈಗೊಂದು ಗೋಡೆ ಗಡಿಯಾರ ಕೊಟ್ಟು, ನನ್ನ ನಿಖರತೆಯ ಬಗ್ಗೆ ಐದು ಜನ ಭಾಷಣ ಮಾಡಿದರು. ಅವರಲ್ಲಿ ಮೂವರಿಗೆ ನಮ್ಮ ಲ್ಯಾಬು ಯಾವ ಮಹಡಿಯಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ನಿಖರತೆ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವತ್ತು ಪೇಟದ ಕೆಳಗೂ ಉರಿಯುತ್ತಿತ್ತು.

ಯಾವ ವರ್ಷ ಏನು ಬಡ್ತಿ ಸಿಕ್ಕಿತು ಎಂಬುದನ್ನು ಬರೆಯುವುದಿಲ್ಲ. ಬಡ್ತಿ ಎಂದರೆ ಅದೇ ಕೆಲಸ, ಬೇರೆ ಕುರ್ಚಿ. ಬರೆಯಲು ಕಾರಣ ಬೇರೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ನಿಮ್ಮ ಮ್ಯಾಕ್ರೋಗಳಲ್ಲಿ ಶುರುವಿಗೇ ಬಣ್ಣದ ಸೆಟ್ಟಿಂಗ್‌ದು ನಾಲ್ಕು ಲೈನ್ ಇದೆ, ಕೊನೇಲಿ ಮತ್ತೆ ನಾಲ್ಕು ಲೈನ್ ಇದೆ. ವೇಸ್ಟ್ ಅನ್ಸುತ್ತೆ, ತೆಗೆದ್ಬಿಡ್ಲಾ?" ಎಂದು ಕೇಳಿದಳು. ಫೋನಿನಲ್ಲೇ ಬೈದೆ. ಬೈದದ್ದು ಸಾಲದೆನಿಸಿ ಕೂತು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇಷ್ಟೇ. ಪಂಪು, ಸ್ಕೂಟರುಗಳ ಭಾಗಗಳನ್ನು ಎರಕ ಹೊಯ್ಯುವಾಗ ಒಳಗೆ ಗಾಳಿ ಸಿಕ್ಕಿಕೊಂಡು ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ತೂತು ಒಂದು ಮಿತಿ ದಾಟಿದರೆ ಭಾಗ ಸೋರುತ್ತದೆ, ಇಲ್ಲವೇ ಒಡೆಯುತ್ತದೆ. ಹಾಗಾಗಿ ಪ್ರತಿ ಬ್ಯಾಚಿನಿಂದ ಒಂದು ಪೀಸು ಕತ್ತರಿಸಿ, ಕನ್ನಡಿಯಷ್ಟು ನುಣುಪಾಗಿ ಉಜ್ಜಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಲೋಹ ಬೆಳ್ಳಗೆ, ತೂತು ಕಪ್ಪಗೆ ಕಾಣುತ್ತದೆ. ನಾನು ಸೇರಿದಾಗ ಗೋಡೆಯ ಮೇಲೆ ಆರು ಚಿತ್ರಗಳ ಒಂದು ಪಟ ಇತ್ತು. ಕಣ್ಣಿಟ್ಟು ನೋಡುವುದು, ಪಟದ ಯಾವ ಚಿತ್ರಕ್ಕೆ ಹೋಲುತ್ತದೆಂದು ಬರೆಯುವುದು. ಹದಿನೈದು ವರ್ಷ ಹಾಗೇ ಬರೆದೆ. ಒಂದು ಪಂಪೂ ವಾಪಸು ಬರಲಿಲ್ಲ ಎಂದು ಕೊಚ್ಚಿಕೊಳ್ಳುವುದಿಲ್ಲ, ಬಂದಿವೆ. ಆದರೆ ಯಾಕೆ ಬಂತೆಂದು ಕೇಳಿದರೆ ಉತ್ತರ ನಮ್ಮ ಹತ್ತಿರವೇ ಇರುತ್ತಿತ್ತು.

ಉಜ್ಜುವವನು ನಂಜಪ್ಪ. ದಾಸರಹಳ್ಳಿಯ ಹಳೇ ಊರಿನವನು. ಅವರ ಮನೆಯವರ ಹೊಲದ ಮೇಲೆ ಈಗ ಮೂರು ಕಾರ್ಖಾನೆಗಳು ಕೂತಿವೆ. ಅವುಗಳಲ್ಲೊಂದರಲ್ಲಿ ಅವನು ಕಾಂಟ್ರ್ಯಾಕ್ಟ್ ಕೆಲಸಗಾರ. ಪಾಲಿಶ್ ಚಕ್ರದ ಮುಂದೆ ನಿಂತರೆ ಅವನಿಗೆ ಲೋಕದ ಪರಿವೆ ಇರುತ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಸೈಕಲ್ ಹತ್ತಿ ಮನೆಗೆ ಹೋಗಿ ಮುದ್ದೆ ಉಂಡು ಬರುತ್ತಿದ್ದ. ಕ್ಯಾಂಟೀನಿನ ಅನ್ನ ಅವನಿಗೆ ಸೇರುತ್ತಿರಲಿಲ್ಲ, ಯಾರಿಗೂ ಸೇರುತ್ತಿರಲಿಲ್ಲ ಅನ್ನಿ. ಅವನ ಅಪ್ಪ ಸಾರಾಯಿ ಕುಡಿದು ಸತ್ತವನು. ಅದಕ್ಕೇ ನಂಜಪ್ಪ ಹಬ್ಬಕ್ಕೂ ಒಂದು ಹನಿ ಮುಟ್ಟುತ್ತಿರಲಿಲ್ಲ. ಇದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ.

ಆಮೇಲೆ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು, ಅವೆರಡರ ಜೊತೆಗೆ ಕ್ವಾಲಿಟಿ ಹೆಡ್ ಎಂಬ ಹುದ್ದೆಗೆ ಶ್ರೀಕಂಠ ಎಂಬುವವರು ಬಂದರು. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನಿಂದ ಕಾರಿನಲ್ಲಿ ಹೊರಟು ಹನ್ನೊಂದಕ್ಕೆ ಪೀಣ್ಯ ತಲುಪಿ, ಟ್ರಾಫಿಕ್ಕಿನ ಬಗ್ಗೆ ಹನ್ನೊಂದೂವರೆಯವರೆಗೆ ಮಾತಾಡುತ್ತಿದ್ದರು. "ಡಾಟಾ ಸುಳ್ಳು ಹೇಳಲ್ಲ ಮೇಡಂ" ಎಂಬುದು ಅವರ ಬಾಯಿಮಾತು. ಅವರೇ ಒಂದು ಪುಕ್ಕಟೆ ಇಮೇಜ್ ಪ್ರೋಗ್ರಾಂ ಹಾಕಿಸಿ, ಪಟವನ್ನು ಗೋಡೆಯಿಂದ ಕೀಳಿಸಿದರು. ಆ ಪ್ರೋಗ್ರಾಮಿಗೆ ಮ್ಯಾಕ್ರೋ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮ್ಯಾಕ್ರೋ ಎಂದರೆ, ನಾವು ಕೈಯಲ್ಲಿ ಮಾಡುವ ಹತ್ತು ಹೆಜ್ಜೆಗಳನ್ನು ಒಂದು ಪಟ್ಟಿಯಾಗಿ ಬರೆದಿಟ್ಟರೆ ಯಂತ್ರ ತಾನೇ ಮಾಡುತ್ತದೆ: ಫೋಟೊ ತೆರೆ, ಓರೆಯಿದ್ದರೆ ತಿರುಗಿಸಿ ನೇರ ಮಾಡು, ಬಣ್ಣ ತೆಗೆದು ಬೂದು ಮಾಡು, ಕಪ್ಪಗಿರುವುದನ್ನು ಎಣಿಸು, ನೂರಕ್ಕೆ ಎಷ್ಟೆಂದು ಬರೆ.

ಮೊದಲ ವಾರ ಒಂದು ತಮಾಷೆ ಆಯಿತು. ಫೋಟೊದ ಕೆಳಗೆ ಅಳತೆಗೆಂದು ಕ್ಯಾಮೆರಾ ಹಾಕುವ ಕಪ್ಪು ಗೆರೆಯನ್ನೇ ಮ್ಯಾಕ್ರೋ ಒಂದು ಭಾರೀ ತೂತೆಂದು ಎಣಿಸಿತು. ಪರದೆಯ ಮೇಲೆ ಕಾಣುತ್ತಲೇ ಇದ್ದುದರಿಂದ ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ನಂಜಪ್ಪ ಹಿಂದೆ ನಿಂತು ನಕ್ಕ. "ಗೆರೆಗೂ ತೂತಿಗೂ ವ್ಯತ್ಯಾಸ ಗೊತ್ತಿಲ್ವಾ ಇದಕ್ಕೆ? ಇದನ್ನ ಕಟ್ಕೊಂಡು ಏನ್ ಮಾಡ್ತೀರಿ ಮೇಡಮ್ಮ?" ಎಂದ. ನಾನೂ ನಕ್ಕೆ. ಆ ನಗು ಉಳಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅಷ್ಟರಲ್ಲಿ ಶ್ರೀಕಂಠರು ನನ್ನನ್ನು ಎರಡು ದಿನದ ತರಬೇತಿಗೆ ಬೆಂಗಳೂರಿನ ಆಚೆ ತುದಿಯ ಕುಂದಲಹಳ್ಳಿಗೆ ಕಳಿಸಿದರು. ಪೀಣ್ಯದಿಂದ ಅಲ್ಲಿಗೆ ಹೋಗುವಷ್ಟು ಹೊತ್ತಿನಲ್ಲಿ ನಮ್ಮ ಊರು ದಾವಣಗೆರೆಯ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರಮಿಸಬಹುದು. ಗಾಜಿನ ಕಟ್ಟಡ, ಒಳಗೆ ಚಳಿ. ಕಲಿಸುವ ಹುಡುಗ ಎರಕದ ಲೋಹವನ್ನು ಜನ್ಮದಲ್ಲಿ ಕಂಡವನಲ್ಲ. ಬಾಳೆಹಣ್ಣಿನ ಫೋಟೊದ ಮೇಲೆ ಕಪ್ಪು ಚುಕ್ಕೆ ಎಣಿಸಿ ತೋರಿಸಿದ. ಮ್ಯಾಕ್ರೋ ಓಡುವಾಗ ಚಿತ್ರಗಳನ್ನು ಪರದೆಯ ಮೇಲೆ ತೋರಿಸದೆ ಮರೆಯಲ್ಲೇ ಇಟ್ಟರೆ ಕೆಲಸ ಹತ್ತು ಪಟ್ಟು ವೇಗವಾಗುತ್ತದೆ ಎಂಬ ಒಂದು ಸಾಲನ್ನು ಮಾತ್ರ ನಾನು ಅಲ್ಲಿಂದ ಹೊತ್ತುಕೊಂಡು ಬಂದೆ. ತಂದು ನನ್ನ ಮ್ಯಾಕ್ರೋದಲ್ಲಿ ಹಾಕಿದೆ. ಶ್ರೀಕಂಠರು ಖುಷಿಯಾದರು, ನಾನೂ ಬೀಗಿದೆ. ಚಿತ್ರ ನೋಡುವ ಕೆಲಸಕ್ಕೆ ಸಂಬಳ ಪಡೆಯುವವಳು ಚಿತ್ರವನ್ನೇ ಮುಚ್ಚಿಟ್ಟು ಬೀಗಿದಳು, ಅದನ್ನು ಗಮನಿಸಿ.

ಈಗ ಬಣ್ಣದ ವಿಷಯ. ಆ ಪ್ರೋಗ್ರಾಮಿನಲ್ಲಿ ಎರಡು ಸಣ್ಣ ಚೌಕಗಳಿವೆ. ಒಂದು ಮುಂದಿನ ಬಣ್ಣ, ಬರೆಯುವುದಕ್ಕೆ. ಇನ್ನೊಂದು ಹಿಂದಿನ ಬಣ್ಣ, ಬ್ಯಾಕ್‌ಗ್ರೌಂಡ್. ಅಳಿಸಿದ ಜಾಗಕ್ಕೆ, ಖಾಲಿ ಉಳಿದ ಜಾಗಕ್ಕೆ ಅದು ಬಳಿಯುತ್ತದೆ. ಈ ಚೌಕಗಳು ಒಬ್ಬರ ಸ್ವತ್ತಲ್ಲ. ಕೊನೆಗೆ ಕೂತವರು ಯಾವ ಬಣ್ಣ ಆರಿಸಿದ್ದರೋ ಅದೇ ಉಳಿಯುತ್ತದೆ, ಕಂಪ್ಯೂಟರ್ ಆಫ್ ಮಾಡಿ ಮತ್ತೆ ಹಾಕಿದರೂ ಹೋಗುವುದಿಲ್ಲ. ಮ್ಯಾಕ್ರೋದಲ್ಲಿ ನೀವು ಬಣ್ಣ ಹೇಳದಿದ್ದರೆ ಅದು ಕೇಳುವುದಿಲ್ಲ. ಹಿಂದಿನವರು ಬಿಟ್ಟುಹೋದದ್ದನ್ನೇ ಎತ್ತಿಕೊಳ್ಳುತ್ತದೆ. ಬ್ಯಾಕ್‌ಗ್ರೌಂಡ್ ಯಾವಾಗಲೂ ಬಿಳಿ ಇರುತ್ತದೆಂದು ನಾನು ನಂಬಿದ್ದೆ. ನಾನು ನೋಡಿದಾಗಲೆಲ್ಲ ಬಿಳಿಯೇ ಇತ್ತು, ಹಾಗಾಗಿ ಹೇಳುವ ಅಗತ್ಯ ಕಾಣಲಿಲ್ಲ.

ದೊಡ್ಡ ಗಿರಾಕಿಯೊಬ್ಬರ ತಪಾಸಣೆ ಹತ್ತಿರ ಬಂತು. ಶ್ರೀಕಂಠರಿಗೆ ಪ್ರೆಸೆಂಟೇಶನ್ ಹುಚ್ಚು ಹಿಡಿಯಿತು. ದಿನಾ ಹನ್ನೊಂದೂವರೆಗೆ ಲ್ಯಾಬಿಗೆ ಬಂದು, ನನ್ನನ್ನು ಎಬ್ಬಿಸಿ, ನನ್ನ ಕುರ್ಚಿಯಲ್ಲಿ ಕೂತು, ಫೋಟೊಗಳ ನೆತ್ತಿಯ ಮೇಲೆ ಕೆಂಪು ಪಟ್ಟಿ ಹಾಕಿ, ಅದರ ಮೇಲೆ ಹಳದಿ ಅಕ್ಷರದಲ್ಲಿ ಕಂಪನಿ ಹೆಸರು ಬರೆಯುತ್ತಿದ್ದರು. ನೋಡಿದವರಿಗೆ ನವೆಂಬರ್ ತಿಂಗಳ ಆಟೋ ನೆನಪಾಗಬೇಕು. ಒಂದು ಗಂಟೆಗೆ ಎದ್ದು ಹೋಗುತ್ತಿದ್ದರು. ನಾನು ಊಟ ಮುಗಿಸಿ ಬಂದು ಮಧ್ಯಾಹ್ನದ ಪೀಸುಗಳನ್ನು ಹಾಕುತ್ತಿದ್ದೆ.

ಆ ವಾರದಿಂದ ಮಧ್ಯಾಹ್ನದ ಪೀಸುಗಳು ಕೆಟ್ಟವು. ಬೆಳಗ್ಗೆ ತೂತು ಮಿತಿಯೊಳಗೆ; ಊಟದ ನಂತರ ಎರಡು ಪಟ್ಟು, ಒಮ್ಮೊಮ್ಮೆ ಮೂರು ಪಟ್ಟು. ಕುಲುಮೆಯವರನ್ನು ಕರೆಸಿದರು; ಬೆಳಗ್ಗೆ ಹೊಯ್ದದ್ದೂ ಮಧ್ಯಾಹ್ನ ಹೊಯ್ದದ್ದೂ ಒಂದೇ ಲೋಹ ಎಂದು ಅವರು ಕೈ ತೊಳೆದುಕೊಂಡರು. ಕಂಪ್ಯೂಟರ್ ಮೇಲೆ ನನಗೆ ಅನುಮಾನವೇ ಬರಲಿಲ್ಲ. ದಿನಾ ಬೆಳಗ್ಗೆ ಒಂದು ಮಾದರಿ ಪೀಸನ್ನು ಹಾಕಿ ಪರೀಕ್ಷಿಸುತ್ತಿದ್ದೆ, ದಿನಾ ಸರಿಯಾಗಿ ಬರುತ್ತಿತ್ತು. ಆ ಪರೀಕ್ಷೆಯ ಮ್ಯಾಕ್ರೋ ಬೇರೆ, ಅದರಲ್ಲಿ ಬ್ಯಾಕ್‌ಗ್ರೌಂಡ್ ಬಿಳಿ ಎಂದು ಬರೆದಿತ್ತು ಎಂಬುದು ಬರೆದ ನನಗೇ ಮರೆತುಹೋಗಿತ್ತು. ಅಂದರೆ ದಿನಾ ಬೆಳಗ್ಗೆ ನನ್ನ ಪರೀಕ್ಷೆಯೇ ಚೌಕವನ್ನು ಬಿಳಿ ಮಾಡಿ, ಎಲ್ಲ ಸರಿಯಿದೆ ಎಂದು ನನಗೆ ಹೇಳುತ್ತಿತ್ತು.

ಉಳಿದದ್ದು ನಂಜಪ್ಪನ ಕೈ. ಒರಟಾಗಿ ಉಜ್ಜಿದರೆ ಮೆತ್ತನೆಯ ಲೋಹ ಕಿತ್ತುಬಂದು ಹೊಸ ತೂತು ಬೀಳುವುದುಂಟು, ಅದು ಸುಳ್ಳಲ್ಲ. ಒಂದು ಮಧ್ಯಾಹ್ನ ಅವನನ್ನು ಕರೆದು ಪರದೆಯ ಮೇಲಿನ ಅಂಕಿ ತೋರಿಸಿದೆ.

"ಇಂಗ್ಯಾಕ್ ಬಂತು?" ಎಂದ. ಪೀಸನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. "ಇದ್ರಲ್ಲಿ ಅಷ್ಟು ತೂತಿಲ್ಲ ಮೇಡಮ್ಮ. ನಾನ್ ಉಜ್ಜಿರೋದು ನಂಗೆ ಗೊತ್ತಿಲ್ವಾ? ಒಂದ್ಸಲ ನೀವೇ ಕಣ್ಣಿಟ್ಟು ನೋಡಿ."

ಮೈಕ್ರೋಸ್ಕೋಪು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. "ಕಣ್ಣಿಗೆ ತಪ್ಪಾಗುತ್ತೆ ನಂಜಪ್ಪ, ಅದಕ್ಕೇ ಕಂಪ್ಯೂಟರ್ ಇರೋದು" ಎಂದೆ. ಹದಿನೈದು ವರ್ಷ ಕಣ್ಣಿನಿಂದಲೇ ಅನ್ನ ತಿಂದವಳು ಆಡಿದ ಮಾತು ಅದು. ಅವನು ಪೀಸನ್ನು ಮೇಜಿನ ಮೇಲಿಟ್ಟು ಚಕ್ರದ ಹತ್ತಿರ ಹೋದ.

ಪಾಲಿಶ್‌ನಲ್ಲಿ ದೋಷವಿರಬಹುದು ಎಂದು ವರದಿಯಲ್ಲಿ ಬರೆದೆ. ಶ್ರೀಕಂಠರಿಗೆ ಅಷ್ಟು ಸಾಕಾಯಿತು. ಬೆಳಗ್ಗೆ ಕೈ ಸರಿ, ಊಟಕ್ಕೆ ಮನೆಗೆ ಹೋಗಿಬಂದ ಮೇಲೆ ಕೈ ಕೆಡುತ್ತದೆ. ಮನೆಗೆ ಯಾಕೆ ಹೋಗುತ್ತಾನೆ? ಕುಡಿಯುವುದಕ್ಕೆ. ಹೀಗೆ ಲೆಕ್ಕ ಹಾಕಿ ಮುಗಿಸಿದರು. ಗೇಟಿನ ಸೆಕ್ಯುರಿಟಿಯವನಿಗೆ ಹೇಳಿ, ನಂಜಪ್ಪ ಊಟ ಮುಗಿಸಿ ವಾಪಸು ಬರುವಾಗ ದಿನಾ ಅವನ ಬಾಯಿ ಮೂಸಿ ನೋಡುವ ಏರ್ಪಾಡು ಮಾಡಿದರು. ಎರಡನೇ ಶಿಫ್ಟಿನವರು ಒಳಗೆ ಬರುವ ಹೊತ್ತು ಅದು. ಸಾಲಿನಲ್ಲಿ ನಿಂತ ಎಲ್ಲರ ಮುಂದೆ ಅವನು ಸೆಕ್ಯುರಿಟಿಯವನ ಮುಖಕ್ಕೆ ಊದಬೇಕಿತ್ತು. ಆರನೇ ದಿನ ಅವನನ್ನು ಲ್ಯಾಬಿನಿಂದ ತೆಗೆದು, ಎರಕದ ಅಂಚು ಕೆರೆಯುವ ಶೆಡ್ಡಿಗೆ ಹಾಕಿದರು. ದೂಳು, ಕಿಡಿ, ಕಿವಿ ಕಿವುಡಾಗುವ ಸದ್ದು. ಐವತ್ತು ದಾಟಿದವನಿಗೆ ಹೇಳಿಸಿದ ಜಾಗವಲ್ಲ. ಮೂರು ತಿಂಗಳಿಗೆ ಕಾಂಟ್ರ್ಯಾಕ್ಟ್ ಮುಗಿದರೆ ಮತ್ತೆ ಕರೆಯುವುದಿಲ್ಲ ಎಂದೂ ಮಾತಾಯಿತು.

"ಅವನು ಕುಡಿಯಲ್ಲ ಸಾರ್" ಎಂದು ನಾನು ಒಮ್ಮೆ ಹೇಳಿದೆ. ಒಮ್ಮೆ ಮಾತ್ರ.

"ಗೇಟಲ್ಲೂ ಚೆಕ್ ಮಾಡಿಸಿದೀನಿ ಮೇಡಂ, ಐದು ದಿನ. ಇನ್ನೇನ್ ಬೇಕು ನಿಮಗೆ?" ಎಂದರು.

ಅದರ ಮರುವಾರ ಶ್ರೀಕಂಠರು ಪುಣೆಗೆ ಹೋದರು. ಪಾಲಿಶ್‌ಗೆ ರವಿ ಎಂಬ ಹೊಸಬ ಬಂದಿದ್ದ. ವಾರವಿಡೀ ಮಧ್ಯಾಹ್ನದ ಪೀಸುಗಳೆಲ್ಲ ಸರಿಯಾಗಿ ಬಂದವು. "ನೋಡಿದ್ರಾ?" ಎಂದು ಎಲ್ಲರೂ ಅಂದರು. ನಾನೂ ಮನಸ್ಸಿನಲ್ಲಿ ಅಂದುಕೊಂಡೆ. ಅಲ್ಲಿಗೆ ನಂಜಪ್ಪ ಕುಡುಕನೆಂಬುದು ಸಾಬೀತಾಯಿತು. ಡಾಟಾ ಸುಳ್ಳು ಹೇಳಲಿಲ್ಲವಲ್ಲ.

ತಪಾಸಣೆ ಮುಂದಕ್ಕೆ ಹೋದದ್ದರಿಂದ ಪ್ರೆಸೆಂಟೇಶನ್ ನಿಂತಿತ್ತು. ತಿಂಗಳ ಬಿಡುವಿನ ಮೇಲೆ ಶ್ರೀಕಂಠರು ಮತ್ತೆ ನನ್ನ ಕುರ್ಚಿಗೆ ಬಂದು ಕೆಂಪು ಪಟ್ಟಿ ಶುರು ಮಾಡಿದರು. ಆವತ್ತೇ ಮಧ್ಯಾಹ್ನ ಪೀಸುಗಳು ಮತ್ತೆ ಕೆಟ್ಟವು. ಆದರೆ ಈ ಸಲ ಕುಡಿತದ ಮಾತೆತ್ತುವ ಹಾಗಿರಲಿಲ್ಲ. ರವಿ ಶಬರಿಮಲೆಗೆ ಮಾಲೆ ಹಾಕಿದ್ದ. ಕಪ್ಪು ಪಂಚೆ, ಬರಿಗಾಲು, ದಿನಕ್ಕೆರಡು ಸಲ ಸ್ನಾನ, ಒಂದು ಹೊತ್ತು ಊಟ. ಅವನ ಬಾಯಿ ಮೂಸಿ ಎಂದು ಗೇಟಿನವನಿಗೆ ಹೇಳುವ ಧೈರ್ಯ ಶ್ರೀಕಂಠರಿಗೂ ಇರಲಿಲ್ಲ.

ಆಗ ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಎಷ್ಟು ವರ್ಷದ ಮೇಲೋ. ಪೀಸು ಚೆನ್ನಾಗಿತ್ತು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ. ಮ್ಯಾಕ್ರೋ ತೆರೆದು, ಕುಂದಲಹಳ್ಳಿಯಿಂದ ಹೊತ್ತು ತಂದಿದ್ದ ಆ ಸಾಲನ್ನು ತೆಗೆದು, ಒಂದೊಂದೇ ಹೆಜ್ಜೆ ಪರದೆಯ ಮೇಲೆ ಕಾಣುವ ಹಾಗೆ ಓಡಿಸಿದೆ. ಫೋಟೊ ತೆರೆಯಿತು, ಒಂಚೂರು ಓರೆ. ತಿರುಗಿಸಿ ನೇರ ಮಾಡಿತು. ತಿರುಗಿಸಿದಾಗ ನಾಲ್ಕು ಮೂಲೆಗಳಲ್ಲಿ ಸೀಳಿದ ತೆಂಗಿನ ಗರಿಯಷ್ಟು ತೆಳ್ಳಗೆ ಖಾಲಿ ಜಾಗ ಉಳಿಯಿತು. ಅಲ್ಲಿ ಬ್ಯಾಕ್‌ಗ್ರೌಂಡ್ ಬಣ್ಣ ತುಂಬಿಕೊಂಡಿತು. ಕೆಂಪು. ಮುಂದಿನ ಹೆಜ್ಜೆಯಲ್ಲಿ ಕೆಂಪು ಕಡುಬೂದು ಆಯಿತು, ಅದರ ಮುಂದಿನ ಹೆಜ್ಜೆ ಅದನ್ನೂ ತೂತೆಂದು ಎಣಿಸಿತು. ಫೋಟೊ ಎಷ್ಟು ಓರೆಯೋ ಅಷ್ಟು ತೂತು. ನಂಜಪ್ಪನ ಕೈಯೂ ಅಲ್ಲ, ಲೋಹವೂ ಅಲ್ಲ. ಶ್ರೀಕಂಠರ ಆಟೋ ಬಣ್ಣ, ನಾನು ಬರೆಯದೆ ಬಿಟ್ಟ ಒಂದು ಸಾಲು.

ಶ್ರೀಕಂಠರನ್ನು ಬೈಯುವುದು ಸುಲಭ, ಸಾಕಷ್ಟು ಬೈದಿದ್ದೇನೆ. ಆದರೆ ಆ ಮನುಷ್ಯ ಬಣ್ಣ ಆರಿಸಿದ್ದು ಪ್ರೋಗ್ರಾಂ ಕೊಟ್ಟ ಚೌಕದಲ್ಲೇ. ಮ್ಯಾಕ್ರೋ ನನ್ನದು. ತನಗೆ ಬೇಕಾದ ಬಣ್ಣವನ್ನು ತಾನೇ ಹೇಳಿ, ಕೆಲಸ ಮುಗಿದ ಮೇಲೆ ಹಿಂದಿನವರ ಬಣ್ಣವನ್ನು ಹಿಂದಿನ ಹಾಗೇ ಇಟ್ಟುಹೋಗುವಷ್ಟು ಮರ್ಯಾದೆಯನ್ನು ನಾನು ಅದಕ್ಕೆ ಕಲಿಸಿರಲಿಲ್ಲ. ಆ ಹುಡುಗಿ ವೇಸ್ಟ್ ಎಂದ ಎಂಟು ಸಾಲು ಅದೇ.

ಮರುದಿನ ಹೋಗಿ ತೋರಿಸಿದೆ. ಶ್ರೀಕಂಠರು ಕೆಂಪು ಮೂಲೆಗಳನ್ನು ಒಂದು ನಿಮಿಷ ನೋಡಿದರು. "ಸರಿ, ರಿಪೋರ್ಟಲ್ಲಿ 'ಕ್ಯಾಲಿಬ್ರೇಶನ್ ಇಶ್ಯೂ, ರೆಕ್ಟಿಫೈಡ್' ಅಂತ ಬರೀರಿ ಸಾಕು. ಡೀಟೇಲ್ಸ್ ಬೇಡ, ಗಿರಾಕಿ ಓದ್ತಾರೆ. ಆ ನಂಜಪ್ಪನ್ನ ಸೋಮವಾರದಿಂದ ವಾಪಸ್ ಕರ್ಕೊಳ್ಳಿ. ಮ್ಯಾಟರ್ ಕ್ಲೋಸ್" ಎಂದರು. ನಾನು ಡೀಟೇಲ್ಸ್ ಬರೆದೆ. ತಪ್ಪು ನನ್ನ ಮ್ಯಾಕ್ರೋದ್ದು ಎಂದು ನನ್ನ ಹೆಸರು ಹಾಕಿ ಬರೆದು ಮೇಲಿನ ಅಧಿಕಾರಿಗಳಿಗೂ ಕಳಿಸಿದೆ. ಅದರಿಂದ ನನ್ನ ತಲೆಯೇನೂ ಹೋಗಲಿಲ್ಲ. ಹೋಗುತ್ತದೆಂದು ಹೆದರಿ ಸುಮ್ಮನಿರುವವರಿಗೆ ಇಷ್ಟು ಗೊತ್ತಿರಲಿ.

ನಂಜಪ್ಪನ ವರ್ಗಾವಣೆ ಕಾಗದ ಹಿಡಿದು ಶೆಡ್ಡಿಗೆ ಹೋದೆ. ಟೀ ಹೊತ್ತು, ಯಂತ್ರಗಳು ನಿಂತಿದ್ದವು. ಹತ್ತು ಹನ್ನೆರಡು ಜನ ಗೋಡೆಗೆ ಒರಗಿ ಕೂತಿದ್ದರು. ನಂಜಪ್ಪನ ಹುಬ್ಬು ಕೂಡ ಬೂದಿ ಬಣ್ಣಕ್ಕೆ ತಿರುಗಿತ್ತು. ಆರು ವಾರದಲ್ಲಿ ಅವನು ಸೊರಗಿದ್ದ. ಕಾಗದವನ್ನು ನೋಡಿದ, ಕೈ ಚಾಚಲಿಲ್ಲ.

"ಇದು ನಂಗ್ಯಾಕೆ ಮೇಡಮ್ಮ? ನಾನ್ ಕುಡೀತೀನಿ ಅಂತ ಇಡೀ ಶೆಡ್ಡಿಗೆ ಗೊತ್ತೈತೆ. ಇದ್ರಲ್ಲಿ ಅದಿಲ್ಲ ಅಂತ ಬರ್ದೈತಾ?"

"ಇಲ್ಲ" ಎಂದೆ.

"ಅಂಗಾದ್ರೆ ಬಾಯಲ್ಲಿ ಯೋಳಿ. ಇವ್ರೆಲ್ಲರ ಮುಂದೆ ಯೋಳಿ. ಆಮೇಲೆ ಬತ್ತೀನಿ."

ಹೇಳಲು ಶುರು ಮಾಡಿದೆ. ಬ್ಯಾಕ್‌ಗ್ರೌಂಡ್, ರೊಟೇಶನ್, ಸೆಟ್ಟಿಂಗ್ ಎಂದೆಲ್ಲ ಏನೇನೋ ಅಂದೆ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ನಾಚಿಕೆಯಾಗಿ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿದೆ. ಅಂಚು ಕೆರೆಯುವ ಲಕ್ಷ್ಮಮ್ಮ ಎಂಬಾಕೆ ಲೋಟ ಕೆಳಗಿಟ್ಟು ಕೇಳಿದಳು: "ಅಂದ್ರೆ, ಖಾಲಿ ಜಾಗಕ್ಕೆ ಬಿಳಿ ಬಳೀಬೇಕು ಅಂತ ಕಂಪ್ಯೂಟ್ರಿಗೆ ನೀವು ಯೋಳ್ಲಿಲ್ಲ. ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ಈ ಯಪ್ಪನ್ನ ಕುಡುಕ ಅಂದ್ರಾ?"

"ಹೌದು" ಎಂದೆ.

ನಂಜಪ್ಪ ಎದ್ದು ಟವೆಲ್ ಕೊಡವಿಕೊಂಡ. "ಗೇಟ್ನೋನಿಗೂ ಯೋಳ್ಬೇಕು" ಎಂದು ಮುಂದೆ ನಡೆದ. ನಾನು ಹಿಂದೆ ನಡೆದೆ. ಸೆಕ್ಯುರಿಟಿಯವನು ನನ್ನನ್ನು ಕಂಡು ಎದ್ದು ನಿಂತ. ಅವನಿಗೂ ಎಲ್ಲ ಹೇಳಿದೆ, ಈ ಸಲ ಎರಡೇ ಮಾತಿನಲ್ಲಿ.

"ಇವರು ಕುಡಿಯಲ್ಲ ಅಂತ ನಂಗೆ ಮೊದಲ್ನೇ ದಿನವೇ ಗೊತ್ತಾಯ್ತು ಮೇಡಂ" ಎಂದ. "ಸಾರಿನ ವಾಸನೆ ಬಿಟ್ರೆ ಏನೂ ಬರ್ತಿರ್ಲಿಲ್ಲ. ಶ್ರೀಕಂಠ ಸಾರ್‌ಗೆ ಪುಸ್ತಕ ತೋರಿಸ್ದೆ ಕೂಡ. ವೋಡ್ಕಾ ವಾಸನೆ ಬರಲ್ಲ ಬಿಡಪ್ಪ ಅಂದ್ರು. ಬೇರೆ ಯಾರೂ ಬಂದು ಕೇಳ್ಲಿಲ್ಲ."

ಮೇಜಿನ ಮೇಲಿದ್ದ ಗೇಟಿನ ಪುಸ್ತಕ ತಿರುಗಿಸಿ ನನ್ನ ಮುಂದೆ ಇಟ್ಟ. ಐದು ದಿನದ ಐದು ಸಾಲು, ಸೊಟ್ಟ ಅಕ್ಷರ: ನಂಜಪ್ಪ, ಲ್ಯಾಬು, ವಾಸನೆ ಇಲ್ಲ. ನಂಜಪ್ಪ, ಲ್ಯಾಬು, ವಾಸನೆ ಇಲ್ಲ. ಆ ತಿಂಗಳು ನಮ್ಮ ಕಾರ್ಖಾನೆಯಲ್ಲಿ ತಾನೇ ನೋಡಿ, ಕಂಡದ್ದನ್ನು ಬರೆದವನು ಅವನೊಬ್ಬನೇ. ನಮ್ಮ ಲ್ಯಾಬಿನಿಂದ ಆ ಗೇಟಿಗೆ ನೂರು ಹೆಜ್ಜೆ.